ತೋಟದ ಬೇಲಿಗೆ ಯಾವ ವಿದ್ಯುತ್ತು?

ಸಿದ್ಧಕಟ್ಟೆಯ ಸುತ್ತಿನ ಊರುಗಳಲ್ಲಿ ಗುಡ್ಡದ ಮೇಲೆ ಕಾಡು, ಅದರ ಬುಡದಲ್ಲಿ ಅಡಕೆಯ ತೋಟ, ಇನ್ನೂ ಕೆಳಗೆ ಬೈಲುಗದ್ದೆ. ಈ ಮೂರೂ ಒಂದರ ಮೈಗೊಂದು ತಾಗಿಕೊಂಡೇ ಇರುವುವು. ಹಗಲು ಮನುಷ್ಯನದಾದ ಈ ನೆಲ ಇರುಳಾಯಿತೆಂದರೆ ಕಾಡುಹಂದಿಯದು. ಬಾಳೆಯ ಬುಡ, ಎಳೆಯ ಅಡಕೆ ಸಸಿ, ಗೆಣಸಿನ ಏರಿ ಎಲ್ಲವನ್ನೂ ಅದು ಒಂದೇ ರಾತ್ರಿಯಲ್ಲಿ ಮೂತಿಯಿಂದ ಉತ್ತು ಹೋಗಬಲ್ಲುದು. ಇದನ್ನು ಕಂಡ ಕೃಷಿಕನು ವಿದ್ಯುತ್ ಬೇಲಿಯನ್ನು ಬಯಸಿದರೆ ಅವನನ್ನು ದೂರಲಾಗದು. ಆದರೆ ಆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ನಡೆಯುತ್ತಿವೆ. ಒಂದು ಕಾವಲುಗಾರ, ಇನ್ನೊಂದು ಕೊಲೆಗಾರ.

ಪಂಪಿನ ಕೊಠಡಿಯಿಂದ ಒಂದು ತಂತಿಯನ್ನೆಳೆದು ಬೇಲಿಗೆ ಸಿಕ್ಕಿಸುವುದು ಎರಡನೆಯದು. ಅದರಲ್ಲಿ ಹರಿಯುವುದು 230 ವೋಲ್ಟಿನ, ಎಡೆಬಿಡದ ಪ್ರವಾಹ. ಸುಮಾರು 10–15 ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಸಾಕು, ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದ ತಂತಿಯನ್ನು ಬಿಡಲಾರವು. ಅದರ ಕೆಲವು ಪಾಲು ಹೆಚ್ಚಾದರೆ ಹೃದಯದ ಬಡಿತ ತಾಳ ತಪ್ಪುವುದು. “ಫ್ಯೂಸ್ ಇದೆಯಲ್ಲ!” ಎನ್ನುವವರುಂಟು. 5 ಆಂಪಿಯರಿನ ಫ್ಯೂಸು ಕರಗುವುದಕ್ಕೆ ಬಹಳ ಮೊದಲೇ ಮನುಷ್ಯನ ಪ್ರಾಣ ಹೋಗಿರುತ್ತದೆ. ಅದು ಇರುವುದು ತಂತಿಯನ್ನು ಕಾಯಲಿಕ್ಕೆ, ನಮ್ಮನ್ನಲ್ಲ. ನಸುಕಿನಲ್ಲಿ ಬರಿಗಾಲಲ್ಲಿ ಗದ್ದೆಗೆ ನೀರು ಬಿಡಲು ಹೋಗುವ ನೆರೆಯವನಿಗೂ ಹಟ್ಟಿಯಿಂದ ಹೊರಟ ದನಕ್ಕೂ ಹಂದಿಗೂ ಈ ತಂತಿ ಭೇದವೆಣಿಸದು. ಇದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧವೆಂಬುದನ್ನೂ ಕದ್ದ ವಿದ್ಯುತ್ತಾದರೆ 2003ರ ವಿದ್ಯುತ್ ಕಾಯಿದೆಯ ಅಪರಾಧವೆಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

ನಿಜವಾದ ವಿದ್ಯುತ್ ಬೇಲಿಯಲ್ಲಿ ವೋಲ್ಟೇಜು ಇದಕ್ಕಿಂತ ಬಹಳ ಹೆಚ್ಚು, ನಾಲ್ಕೈದು ಸಾವಿರದ ಮೇಲೆಯೇ. ಆದರೂ ಅದು ಕೊಲ್ಲುವುದಿಲ್ಲವೇಕೆ? ಎನರ್ಜೈಸರ್ ಎಂಬ ಪೆಟ್ಟಿಗೆಯೊಳಗಿನ ಕೆಪಾಸಿಟರ್ ವಿದ್ಯುತ್ತನ್ನು ಕೂಡಿಸಿಟ್ಟುಕೊಂಡು, ಸೆಕೆಂಡಿಗೆ ಸುಮಾರು ಒಂದು ಸಲ, ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಾಮಾನ್ಯವಾಗಿ ಕಡಮೆ ಹೊತ್ತು ಹೊರಗೆ ಬಿಡುತ್ತದೆ. ಮಿಕ್ಕ ಹೊತ್ತೆಲ್ಲ ತಂತಿ ನಿಶ್ಶಕ್ತ. ಮುಟ್ಟಿದವನು ಕೈ ಹಿಂದೆಗೆಯಲು ಬೇಕಾದಷ್ಟು ಬಿಡುವುಂಟು. ಅಂತರರಾಷ್ಟ್ರೀಯ ಮಾನಕದಂತೆ ಒಂದು ಮಿಡಿತದ ಶಕ್ತಿ 5 ಜೂಲ್ ಮೀರಕೂಡದು. ಒಂದು ಕಿಲೋ ತೂಕದ ತೆಂಗಿನಕಾಯಿ ಅರ್ಧ ಮೀಟರ್ ಬಿದ್ದಾಗ ಹೊಮ್ಮುವ ಶಕ್ತಿಯಷ್ಟು! ಉರಿಯುವ ಕೊಳ್ಳಿಯನ್ನು ಹಿಡಿದುಕೊಂಡಿರುವುದಕ್ಕೂ ಕಿಡಿಯೊಂದು ತಾಗಿ ಆರುವುದಕ್ಕೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಈ ಬೇಲಿಯನ್ನು ಬಳಕೆಗೆ ತಂದವರಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಘರ್ ಒಬ್ಬ. 1930ರ ದಶಕದಲ್ಲಿ ತನ್ನ ಕಾರಿಗೆ ಮೈಯುಜ್ಜುತ್ತಿದ್ದ ಕುದುರೆಯನ್ನು ಅಟ್ಟಲು ಕಾರಿಗೇ ಶಾಕ್ ಕೊಡುವ ಉಪಾಯ ಹೂಡಿದನಂತೆ. ಕುದುರೆ ಸಾಯಲಿಲ್ಲ, ಕಲಿತುಕೊಂಡಿತು. ಬೇಲಿಯ ಉದ್ದೇಶವೂ ಅಷ್ಟೇ.

ಈಗ ಖರ್ಚಿನ ಮಾತು. ಉಳಿತಾಯವೆಂದು ನಮ್ಮವರು ಮೊದಲು ಕೈಬಿಡುವುದು ಭೂಸಂಪರ್ಕವನ್ನು, ಎಂದರೆ ಅರ್ಥಿಂಗನ್ನು. ಅದು ದೊಡ್ಡ ತಪ್ಪು. ಮಿಡಿತವು ತಂತಿಯಿಂದ ಪ್ರಾಣಿಯ ಮೈಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಪೆಟ್ಟಿಗೆಗೆ ಮರಳಿದರೆ ಮಾತ್ರ ಹಂದಿಗೆ ಪೆಟ್ಟು ತಾಗುವುದು. ಮಳೆಗಾಲದಲ್ಲಿ ನೆಲ ಹಸಿಯಾದ್ದರಿಂದ ತೊಂದರೆಯಿಲ್ಲ. ಮಾರ್ಚಿಯಿಂದ ಮೇವರೆಗೆ ನಮ್ಮ ಮುರಕಲ್ಲಿನ ಗುಡ್ಡೆ ಒಣಗಿ ಕಾದಾಗ ಬೇಲಿ ಹೆಸರಿಗಷ್ಟೇ ಬೇಲಿ. ಸತು ಲೇಪಿಸಿದ, ಎರಡು ಮೀಟರಿನ ಮೂರು ಕಂಬಿಗಳನ್ನಾದರೂ ಮೂರು ಮೀಟರ್ ಅಂತರದಲ್ಲಿ, ಆದಷ್ಟು ತೇವವಿರುವ ಕಡೆ ಹುಗಿಯಬೇಕು. ತೀರ ಒಣ ಜಾಗದಲ್ಲಿ ಒಂದು ತಂತಿಗೆ ವಿದ್ಯುತ್ತು, ಪಕ್ಕದ್ದಕ್ಕೆ ಭೂಸಂಪರ್ಕ ಕೊಡುವುದೇ ಲೇಸು. ಮಳೆಗಾಲದ ಕಷ್ಟವೇ ಬೇರೆ: ಹಬ್ಬಿದ ಹುಲ್ಲುಬಳ್ಳಿ ತಂತಿಯನ್ನು ತಾಗಿ ಶಕ್ತಿಯನ್ನೆಲ್ಲ ಕುಡಿದುಬಿಡುತ್ತದೆ. ಕತ್ತಿ ಹಿಡಿಯಲು ಬೇಸರಿಸುವವನು ಈ ಬೇಲಿಯ ಗೊಡವೆಗೆ ಹೋಗದಿರುವುದೇ ವಾಸಿ.

ಹಂದಿಗೆ ಕೆಳಗಿನ ತಂತಿ ನೆಲದಿಂದ ಗೇಣುದ್ದಕ್ಕಿಂತ ಹೆಚ್ಚು ಮೇಲಿರಬಾರದು. ಮಂಗನಿಗೆ ಮರವೇ ಸೇತುವೆಯಾದ ತೋಟದಲ್ಲಿ ಅವನ ಮಾತನ್ನೆತ್ತದಿರುವುದು ಒಳ್ಳೆಯದು. ಮುಳ್ಳುತಂತಿಗಂತೂ ವಿದ್ಯುತ್ತನ್ನು ಎಂದೂ ಹಾಯಿಸಕೂಡದು. ಸಿಕ್ಕಿಕೊಂಡ ಪ್ರಾಣಿ ಮಿಡಿತದ ಮೇಲೆ ಮಿಡಿತವನ್ನು ಉಣ್ಣಬೇಕಾದೀತು.

ಒಬ್ಬನಿಗೆ ಪೆಟ್ಟಿಗೆ, ಬ್ಯಾಟರಿ, ಸೌರಫಲಕಗಳ ಬೆಲೆ ಭಾರವೆಂಬುದು ನಿಜ. ಆದರೆ ಎಕರೆಗೊಂದು ಪೆಟ್ಟಿಗೆ ಏಕೆ ಬೇಕು? ಒಂದು ಬೈಲಿನ ನಾಲ್ಕು ಮನೆಯವರು ಕೂಡಿ ಹೊರಸುತ್ತಿಗೆ ಮಾತ್ರ ಬೇಲಿ ಹಾಕಿದರೆ ನಡುವಣ ಗಡಿಗಳ ತಂತಿಯೂ ಉಳಿಯಿತು, ಮೂರು ಪೆಟ್ಟಿಗೆಯೂ ಉಳಿಯಿತು. ನೀರಿಗಾಗಿ ಕೂಡಿ ತೋಡಿಗೆ ಕಟ್ಟ ಕಟ್ಟುತ್ತಿದ್ದವರ ಮಕ್ಕಳಿಗೆ ಇದು ಹೊಸತೇನೂ ಆಗಲಾರದು. ಹುಲ್ಲು ಕೊಯ್ಯುವ ಸರದಿಯನ್ನು ಮಾತ್ರ ತಂತಿ ಎಳೆಯುವ ಮೊದಲೇ ಗೊತ್ತುಮಾಡಿಕೊಳ್ಳಲಿ.