ಮನೆ-ಜಾಗದ ವ್ಯವಹಾರ ಮತ್ತು ನಮ್ಮ ವಿದ್ಯಾರ್ಥಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಹಿರಿಯರು ಈ ಎರಡು ಕಾರ್ಯಗಳನ್ನು ಒಟ್ಟಿಗೆ ಹೇಳಿದ್ದರಲ್ಲಿ ಅರ್ಥವಿದೆ. ಎರಡರಲ್ಲಿಯೂ ಮನುಷ್ಯನು ತನ್ನ ಆಯುಷ್ಯದ ಗಳಿಕೆಯನ್ನು ಹಾಕುತ್ತಾನೆ. ಎರಡರಲ್ಲಿಯೂ ಮಧ್ಯಸ್ಥನ ಮಾತನ್ನು ನಂಬಬೇಕಾಗುತ್ತದೆ. ಎರಡರಲ್ಲಿಯೂ ತಪ್ಪಿದರೆ ತಿದ್ದಿಕೊಳ್ಳುವುದು ಕಷ್ಟ.

ಹತ್ತನೆಯ ಇಯತ್ತೆಯ ಮಕ್ಕಳಿಗೆ ‘ಮುಂದೆ ಏನಾಗುವಿರಿ?’ ಎಂದು ಕೇಳಿದರೆ ಹಿಂದೆ ಮಾಸ್ತರು, ಡಾಕ್ಟರು, ಸೈನಿಕ ಎಂಬ ಉತ್ತರಗಳು ಬರುತ್ತಿದ್ದವು. ಈಚೆಗೆ ಕೆಲವರು ‘ಪ್ಲಾಟಿಂಗ್ ಬಿಜಿನೆಸ್ ಮಾಡ್ತೀನ್ರಿ ಸರ್’ ಎನ್ನುತ್ತಾರೆ. ಇದರಲ್ಲಿ ನಗುವಂಥದೇನೂ ಇಲ್ಲ. ಕೊಲ್ಲಾಪುರದಿಂದ ಇಚಲಕರಂಜಿಯವರೆಗೆ ಕಬ್ಬು ನಿಂತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಪ್ಲಾಟಿನ ಕಲ್ಲುಗಳು ನಿಂತಿವೆ. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಹೋಗುವ ರಸ್ತೆಯಲ್ಲಿಯೂ ಹೊಸ ಮನೆಗಳು ಏಳುತ್ತಿವೆ. ಮೋಟಾರ್ ಸೈಕಲ್ ಮೇಲೆ ಬಂದವನೊಬ್ಬ ಒಂದು ವ್ಯವಹಾರ ಮುಗಿಸಿ, ಪಗಾರದವನು ಹಲವು ತಿಂಗಳು ದುಡಿಯುವಷ್ಟನ್ನು ಒಂದೇ ದಿನ ಎಣಿಸಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಆಸೆ ಸಹಜ. ಆದರೆ ಅವರು ಕಂಡದ್ದು ದೊಡ್ಡ ವಾಡೆಯ ಒಂದೇ ಒಂದು ಬಾಗಿಲನ್ನು. ಒಳಗೆ ಇನ್ನೂ ಎಷ್ಟೋ ಕೋಣೆಗಳಿವೆ.

ನಾಲ್ಕಾರು ವರ್ಷಗಳ ಹಿಂದಿನ ಮಾತು. ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಿದ್ದ ನಮ್ಮ ಪಾಲಕರೊಬ್ಬರು ಒಂದೂವರೆ ಗುಂಠೆ ಜಾಗಕ್ಕೆ ಸಂಚಕಾರ ಕೊಟ್ಟರು. ಮಗ್ಗದ ಗದ್ದಲದಲ್ಲಿ ಇಪ್ಪತ್ತು ವರ್ಷ ನಿಂತು ಕೂಡಿಸಿದ ಹಣ ಅದು. ‘ಕಾಗದಪತ್ರ ಎಲ್ಲಾ ಕ್ಲಿಯರ್ ಅದಾವ್ರಿ ಮಾಮಾ’ ಎಂದು ಮಧ್ಯಸ್ಥನು ಹೇಳಿದ. ಸಾತ್-ಬಾರಾ ಉತಾರೆಯನ್ನೂ ತೋರಿಸಿದ. ಉತಾರೆ ಮರಾಠಿಯಲ್ಲಿತ್ತು, ಇವರು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಹಣ ಕೊಟ್ಟು ತಿಂಗಳಾದ ಮೇಲೆ ಏನೋ ಸಂಶಯ ಬಂದು, ಒಂಬತ್ತನೆಯ ಇಯತ್ತೆಯಲ್ಲಿದ್ದ ತಮ್ಮ ಮಗಳಿಗೆ ಅದನ್ನು ಓದಲು ಕೊಟ್ಟರು. ‘ಇತರ ಹಕ್ಕು’ ಎಂಬ ಅಂಕಣದಲ್ಲಿ ಮಾರುವವನ ಇಬ್ಬರು ಅಕ್ಕಂದಿರ ಹೆಸರೂ ಸೊಸಾಯಿಟಿಯ ಸಾಲದ ಬೋಜಾವೂ ಇದ್ದುದನ್ನು ಆ ಹುಡುಗಿ ಓದಿ ಹೇಳಿದಳು. ಕೊಟ್ಟ ಹಣದಲ್ಲಿ ಅರ್ಧವೂ ಮರಳಲಿಲ್ಲ.

ಮಗಳು ಅದೇ ಕಾಗದವನ್ನು ಒಂದು ತಿಂಗಳು ಮೊದಲೇ ಓದಿದ್ದರೆ? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಭೂಮಿಯ ವ್ಯವಹಾರವೆಂದರೆ ಮಾತಿನ ಚಾತುರ್ಯವಲ್ಲ, ಓದುವ ಮತ್ತು ಅಳೆಯುವ ವಿದ್ಯೆ ಎಂಬುದೇ ನನ್ನ ಅಭಿಪ್ರಾಯ. ಆ ವಿದ್ಯೆ ಕಲಿತವರಿಗೆ ಇದರಲ್ಲಿ ಒಂದಲ್ಲ, ಹತ್ತು ಉದ್ಯೋಗಗಳಿವೆ.

ಮೊದಲನೆಯದು ಮೋಜಣಿ. ನಮ್ಮ ‘ಗುಂಠೆ’ ಎಂಬ ಲೆಕ್ಕ ಹುಟ್ಟಿದ್ದೇ ಅಳತೆಯ ಸರಪಳಿಯಿಂದ. ಮೂವತ್ಮೂರು ಅಡಿಯ ಸರಪಳಿಗೆ ಹದಿನಾರು ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಠೆ, ಅಂದರೆ 1089 ಚದರ ಅಡಿ. ಅಂಥ ನಲವತ್ತು ಗುಂಠೆ ಕೂಡಿದರೆ ಒಂದು ಎಕರೆ. ಮುಂಬಯಿ ಪ್ರಾಂತ್ಯದಲ್ಲಿ 1835ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಮೋಜಣಿಯ ಪದ್ಧತಿಯೇ ಮುಂದೆ ಈ ಕಡೆಗೂ ಬಂತು. ಇಂದು ಸರಪಳಿಯ ಬದಲು, ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರ ಬಂದಿದೆ. ಯಂತ್ರ ಬದಲಾದರೂ ಗಣಿತ ಬದಲಾಗಿಲ್ಲ. ‘ಕ್ಷೇತ್ರಫಲ ಕಲಿತು ಏನು ಉಪಯೋಗ?’ ಎಂದು ಕೇಳುವ ವಿದ್ಯಾರ್ಥಿಗೆ ಇದೇ ಉತ್ತರ. ಎಸ್.ಎಸ್.ಸಿ. ಆದವರು ಐ.ಟಿ.ಐ.ಯಲ್ಲಿ ಎರಡು ವರ್ಷ ಸರ್ವೇಯರ್ ಇಲ್ಲವೆ ಡ್ರಾಫ್ಟ್ಸ್‌ಮನ್ ಶಿಕ್ಷಣ ಪಡೆಯಬಹುದು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮಾಡಬಹುದು.

ಎರಡನೆಯದು ಊರನ್ನು ಯೋಜಿಸುವ ವಿದ್ಯೆ. ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿ ತಮ್ಮ ತಂದೆ ಜಯಸಿಂಗರಾವ್ ಅವರ ಹೆಸರಿನಲ್ಲಿ ಜಯಸಿಂಗಪುರವನ್ನು ಸ್ಥಾಪಿಸಿದಾಗ, ಮೊದಲು ಬೀದಿಗಳ ಗೆರೆ ಎಳೆದು ಆಮೇಲೆ ಮನೆಗಳಿಗೆ ಜಾಗ ಕೊಟ್ಟರು. ಅಲ್ಲಿಯ ನೇರ ಬೀದಿಗಳನ್ನು ಇಂದಿಗೂ ನೋಡಬಹುದು. ಇದಕ್ಕೆ ಪ್ರತಿಯಾಗಿ ಪಂಚಗಂಗೆಯ ದಂಡೆಯನ್ನು ನೆನೆಯಿರಿ. 2005, 2019 ಮತ್ತು 2021ರಲ್ಲಿ ಮಹಾಪೂರ ಬಂದು ಸಾವಿರಾರು ಮನೆಗಳಿಗೆ ನೀರು ಹೊಕ್ಕಿತು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪೂರಕ್ಕೆ ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರಬಹುದಾದ ಪೂರಕ್ಕೆ ಕೆಂಪು ರೇಖೆ ಎಂದು ನೀರಾವರಿ ಇಲಾಖೆ ನಕ್ಷೆಯ ಮೇಲೆ ಗುರುತು ಹಾಕುತ್ತದೆ. ಬೇಸಿಗೆಯಲ್ಲಿ ಒಣಗಿದ ಜಾಗ ತೋರಿಸಿ ಮಾರುವವನಿಗೂ, ಈ ರೇಖೆಗಳನ್ನು ನೋಡಿ ‘ಇಲ್ಲಿ ಬೇಡ’ ಎನ್ನುವ ಎಂಜಿನಿಯರನಿಗೂ ಎಷ್ಟು ಅಂತರ!

ಮೂರನೆಯದು ಕಾಗದದ ವಿದ್ಯೆ. ಹಿಂದಿನ ಮೂವತ್ತು ವರ್ಷಗಳ ದಾಖಲೆ ಶೋಧಿಸುವ ವಕೀಲರು, ದಸ್ತು ಬರೆಯುವವರು, ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವರು ಎಲ್ಲರೂ ಇದರಿಂದಲೇ ಅನ್ನ ಉಣ್ಣುತ್ತಾರೆ. ಕೊಲ್ಲಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗಿನ ಎಷ್ಟೋ ದಾಖಲೆಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇಂದು ವಿರಳ, ಆದ್ದರಿಂದಲೇ ಅವರಿಗೆ ಬೇಡಿಕೆ. ಇನ್ನು ಗೌಂಡಿ, ಬಡಗಿ, ವಿದ್ಯುತ್ ಕೆಲಸದವರು ಇಲ್ಲದೆ ನಕ್ಷೆಯೊಂದೇ ಮನೆಯಾಗುವುದಿಲ್ಲ. ಒಳ್ಳೆಯ ಗೌಂಡಿಯ ಮುಂದೆ ಎಂಜಿನಿಯರನೂ ತಗ್ಗಿ ಮಾತನಾಡುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ದಲಾಲಿ ಕೀಳು ಕೆಲಸವೇ? ಅಲ್ಲ. ಆದರೆ ಅದಕ್ಕೂ ಈಗ ಓದು ಬೇಕು. 2016ರ ರೇರಾ ಕಾಯಿದೆಯ ಪ್ರಕಾರ, ನೋಂದಾಯಿತ ಯೋಜನೆಯ ಪ್ಲಾಟು, ಫ್ಲ್ಯಾಟುಗಳನ್ನು ಮಾರಿಸುವ ದಲಾಲನು ತಾನೂ ನೋಂದಣಿ ಮಾಡಿಸಿಕೊಂಡಿರಬೇಕು. ಮಹಾರಾಷ್ಟ್ರದಲ್ಲಿ 2023ರಲ್ಲಿ ಬಂದ ನಿಯಮದಿಂದ ಅವರಿಗೆ ತರಬೇತಿ ಮತ್ತು ಪರೀಕ್ಷೆಗಳೂ ಕಡ್ಡಾಯವಾಗಿವೆ. ಕರಾರನ್ನು ನೋಂದಾಯಿಸುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ತೆಗೆದುಕೊಳ್ಳುವಂತಿಲ್ಲ ಎಂಬ ಕಲಮೂ ಆ ಕಾಯಿದೆಯಲ್ಲಿದೆ. ಇದನ್ನು ಗಿರಾಕಿಗೆ ತಾನಾಗಿಯೇ ತಿಳಿಸಿ ಹೇಳುವ ದಲಾಲನಿದ್ದರೆ, ಅವನ ಬಾಗಿಲಿಗೆ ಜನ ಹುಡುಕಿಕೊಂಡು ಬರುವುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಮಾತು. ಗಡಿಯಲ್ಲಿ ಹುಟ್ಟಿದ್ದು ನಮ್ಮ ದುರ್ದೈವ, ಕನ್ನಡ ಶಾಲೆಯಲ್ಲಿ ಕಲಿತರೆ ಇಲ್ಲಿ ನೌಕರಿ ಇಲ್ಲ ಎಂದು ಹಲವು ಪಾಲಕರು ಕೊರಗುತ್ತಾರೆ. ಅವರ ಚಿಂತೆ ಸುಳ್ಳಲ್ಲ. ಆದರೆ ಈ ಕ್ಷೇತ್ರದಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಬೇರೆಯವರಿಗಿಲ್ಲದ ಬಂಡವಾಳವಿದೆ. ಗಡಹಿಂಗ್ಲಜದ ಎಷ್ಟೋ ಮನೆತನಗಳಿಗೆ ಹೊಲ ಇತ್ತ, ಬೀಗತನ ಅತ್ತ ಹುಕ್ಕೇರಿ, ಚಿಕ್ಕೋಡಿ ತಾಲೂಕುಗಳಲ್ಲಿ. ಇಲ್ಲಿ ಸಾತ್-ಬಾರಾ, ಅಲ್ಲಿ ಪಹಣಿ; ಇಲ್ಲಿ ಮರಾಠಿ ಕಾಗದ, ಅಲ್ಲಿ ಕನ್ನಡ ಕಾಗದ. ಅಕ್ಕ-ತಂಗಿಯರ ಪಾಲು, ಅಣ್ಣ-ತಮ್ಮಂದಿರ ವಾಟಣಿ ಬಂದಾಗ ಎರಡನ್ನೂ ಓದಿ ಅರ್ಥ ಹೇಳಬಲ್ಲವರು ಯಾರು? ನಮ್ಮ ಶಾಲೆಯ ಮಕ್ಕಳೇ. ಕನ್ನಡವನ್ನು ಚೆನ್ನಾಗಿ ಕಲಿಯಿರಿ, ಮರಾಠಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಿರಿ ಎಂದು ನಾವು ಹೇಳುವುದು ಬರೀ ಅಂಕಗಳಿಗಾಗಿ ಅಲ್ಲ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯ ಅಡಚಣೆ ನನಗೆ ಗೊತ್ತು. ಹುಡುಗ ಇಂದೇ ನಾಲ್ಕು ಕಾಸು ತಂದರೆ ಒಲೆ ಉರಿಯುತ್ತದೆ ಎಂಬುದೂ ಗೊತ್ತು. ಆದರೂ ಹತ್ತನೆಯ ಇಯತ್ತೆ ಮುಗಿಯುತ್ತಲೇ ಅವನನ್ನು ಯಾರದೋ ಮೋಟಾರ್ ಸೈಕಲಿನ ಹಿಂದೆ ಕೂಡಿಸಿ ಕಳಿಸಬೇಡಿರಿ. ಎರಡು ವರ್ಷ ತಾಳಿಕೊಳ್ಳಿರಿ, ಒಂದು ವಿದ್ಯೆ ಕೈಗೆ ಬರಲಿ. ಹೆಣ್ಣುಮಕ್ಕಳನ್ನೂ ಮರೆಯಬೇಡಿರಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಪಡೆದ ಹಿಂದೂ ಮನೆತನದ ಮಗಳಿಗೆ, ಆ ಆಸ್ತಿಯ ನಕ್ಷೆ ಬರೆಯಲು, ಕಾಗದ ಓದಲು ಬಾರದೆಂದು ಹೇಳುವವರು ಯಾರು?

ಮೇಲೆ ಹೇಳಿದ ಆ ಹುಡುಗಿ ಈಗ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಅವರ ಓಣಿಯಲ್ಲಿ ಯಾರು ಜಾಗ ಕೊಳ್ಳಬೇಕೆಂದರೂ ಮೊದಲು ಅವಳ ಹತ್ತಿರ ಉತಾರೆ ತರುತ್ತಾರಂತೆ. ಹಣ ಕೊಟ್ಟ ಮೇಲಲ್ಲ, ಕೊಡುವ ಮೊದಲು.