ಬಾಗಿಲ ಕಾವಲು, ಮನಸ್ಸಿನ ಕಾವಲು

ಹಳೆಯ ಮನೆಯನ್ನು ಕೊಂಡು ವಾಸಕ್ಕೆ ಬಂದ ಗೃಹಸ್ಥನಿಗೆ ಕೆಲವೊಮ್ಮೆ ಗೋಡೆಯ ಮೇಲೆ ಹಿಂದಿನವರ ಕಳ್ಳತನದ ಅಲಾರಾಂ ಕಾಣಸಿಗುತ್ತದೆ. ಗುಂಡಿ ಒತ್ತಿದರೆ ದೀಪ ಹತ್ತದು, ಗುಪ್ತಸಂಖ್ಯೆ ಯಾರಿಗೂ ತಿಳಿಯದು. ಕೊಪ್ಪಳವಿರಲಿ, ಗಂಗಾವತಿಯಿರಲಿ, ಕುಷ್ಟಗಿ ಯಲಬುರ್ಗಾಗಳಿರಲಿ, ಮದುವೆಗೋ ಯಾತ್ರೆಗೋ ಹೊರಟವರಿಗೆ ಬೀಗ ಹಾಕಿದ ಮನೆಯ ಚಿಂತೆ ತಪ್ಪದು. ಹಾಗೆಂದು ಸೊತ್ತನ್ನು ಕಾಯಲು ಯಂತ್ರವಿಡುವುದು ಶ್ರಾವಕನಿಗೆ ಸಲ್ಲುವುದೇ?

ತತ್ತ್ವಾರ್ಥಸೂತ್ರವು ರೌದ್ರಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ಹಿಂಸೆ, ಅನೃತ, ಸ್ತೇಯಗಳ ಸಾಲಿನಲ್ಲಿಯೇ ವಿಷಯಸಂರಕ್ಷಣವನ್ನೂ ಇಡುತ್ತದೆ. ಕದಿಯುವವನ ಚಿಂತನೆಯೂ ಕಾಯುವವನ ಚಿಂತನೆಯೂ ಒಂದೇ ಪಂಕ್ತಿಯಲ್ಲಿ! ಇದು ದೇಶವಿರತನಿಗೂ, ಎಂದರೆ ಅಣುವ್ರತ ಹಿಡಿದ ಗೃಹಸ್ಥನಿಗೂ ಸಂಭವಿಸಬಲ್ಲದೆಂದು ಸೂತ್ರಕಾರರು ಸ್ಪಷ್ಟಪಡಿಸಿದ್ದಾರೆ. ಆದರೆ ಅಲ್ಲಿ ದೋಷವಿರುವುದು ಬಾಗಿಲಿಗೆ ಹಾಕಿದ ಅಗುಳಿಯಲ್ಲಲ್ಲ, ಇರುಳೆಲ್ಲ ಆ ಅಗುಳಿಯನ್ನೇ ಸುತ್ತುವ ಮನಸ್ಸಿನಲ್ಲಿ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವನು ಉಳಿದುದನ್ನು ಜೋಪಾನ ಮಾಡಿದರೆ ವ್ರತಕ್ಕೆ ಭಂಗವಿಲ್ಲ.

ಯಂತ್ರವನ್ನು ಮುಟ್ಟುವ ಮುನ್ನ ಇನ್ನೊಂದು ವಿಚಾರವಿದೆ. ಇಟ್ಟದ್ದು, ಬಿದ್ದದ್ದು, ಮರೆತದ್ದು, ಯಾವುದೇ ಆದರೂ ಕೊಡದೆ ತೆಗೆದುಕೊಳ್ಳಬಾರದೆಂಬುದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅಚೌರ್ಯಾಣುವ್ರತ. ಕಳ್ಳನನ್ನು ತಡೆಯುವ ಪೆಟ್ಟಿಗೆಯನ್ನೇ ಕೇಳದೆ ತನ್ನದಾಗಿಸಿಕೊಳ್ಳುವುದು ವಿಪರೀತವಲ್ಲವೇ? ಹಿಂದಿನ ಯಜಮಾನರಿಗೆ ಒಂದು ಕರೆ ಮಾಡಿದರೆ ಒಪ್ಪಿಗೆಯೂ ದೊರೆಯುತ್ತದೆ, ಗುಪ್ತಸಂಖ್ಯೆಯೂ ದೊರೆಯಬಹುದು. ಒಳಗೆ ಅವರ ಸಿಮ್ ಉಳಿದಿದ್ದರೆ ಹಿಂದಿರುಗಿಸಬೇಕು. ಇಲ್ಲವಾದರೆ ಇಲ್ಲಿಯ ಗದ್ದಲಕ್ಕೆ ಅವರ ಫೋನು ಮೊಳಗೀತು.

ಹಳೆಯ ಅಲಾರಾಂ ಮೌನವಾಗಲು ಬಹುಮಟ್ಟಿಗೆ ಬ್ಯಾಟರಿಯೇ ಕಾರಣ. ಒಳಗಿರುವ 12 ವೋಲ್ಟಿನ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಆಮೇಲೆ ಅದನ್ನು ಬಿಚ್ಚಬೇಕು. ಹೊರಗಿನ ಸೈರನ್ನಿಗೆ ತನ್ನದೇ ಬ್ಯಾಟರಿ ಇದ್ದರೆ ತಂತಿ ಕಳಚಿದೊಡನೆ ಅದು ಅರಚುವುದುಂಟು, ಆದುದರಿಂದ ಹಗಲಿನಲ್ಲಿ, ನೆರೆಯವರಿಗೆ ತಿಳಿಸಿ, ಬಲ್ಲ ಎಲೆಕ್ಟ್ರಿಷಿಯನ್ನನ ಕೈಯಿಂದ ಮಾಡಿಸುವುದು ಲೇಸು. ಬಾಗಿಲ ಹಲಗೆಯ ಅಯಸ್ಕಾಂತವೂ ಚೌಕಟ್ಟಿನ ಸ್ವಿಚ್ಚೂ ಹತ್ತಿರವಿದ್ದಾಗ ಯಂತ್ರ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಪೂರ್ತಿ ಕೂಡದಿದ್ದರೆ ಕಳ್ಳನಿಲ್ಲದೆಯೂ ಕೂಗೀತು.

ಕೋಣೆಯ ಮೂಲೆಯ ಸೆನ್ಸರ್ ದೇಹದ ಶಾಖದ ಚಲನೆಯನ್ನು ಗುರುತಿಸುವಂಥದು. ಅದರ ಮುಖದ ಮೇಲೆ ಜೇಡ, ಹಲ್ಲಿ ಹರಿದಾಡಿದರೂ ಸುಳ್ಳು ಎಚ್ಚರಿಕೆ ಬರಬಹುದು. ಇದಕ್ಕಾಗಿ ಕೀಟನಾಶಕ ಸಿಂಪಡಿಸುವ ಅಭ್ಯಾಸ ಜೈನ ಮನೆಗಳಲ್ಲಿಯೂ ನುಸುಳಿರುವುದು ಖೇದಕರ. ಮೃದುವಾದ ಕುಂಚದಿಂದ ಜೀವಿಯನ್ನು ಮೆಲ್ಲನೆ ಸರಿಸಿ, ಗೋಡೆಗೂ ಸೆನ್ಸರಿಗೂ ನಡುವಿನ ಸಂದನ್ನು ಮುಚ್ಚಿದರೆ ಸಾಕು. ಹಳೆಯ ಬ್ಯಾಟರಿಯನ್ನು ಚರಂಡಿಗೆ ಎಸೆಯುವುದೂ ಹಿಂಸೆಯೇ. ಸೀಸವೂ ಗಂಧಕಾಮ್ಲವೂ ಪೃಥ್ವೀಕಾಯ, ಅಪ್ಕಾಯ ಜೀವಗಳನ್ನಷ್ಟೇ ಅಲ್ಲದೆ ತ್ರಸಜೀವಗಳನ್ನೂ ಬಾಧಿಸುತ್ತವೆ. ಹೊಸದನ್ನು ಕೊಳ್ಳುವ ಅಂಗಡಿಗೇ ಅದನ್ನು ಮರಳಿಸಬೇಕು.

ಜಂಬೂಸ್ವಾಮಿಯ ಕಥೆ ಇಲ್ಲಿ ನೆನಪಾಗುತ್ತದೆ. ವಿವಾಹದ ರಾತ್ರಿ ಆ ಸಿರಿವಂತ ಮನೆಗೆ ಕನ್ನವಿಕ್ಕಲು ಬಂದವನು ದಿಗಂಬರ ಪುರಾಣದಲ್ಲಿ ವಿದ್ಯುಚ್ಚೋರ, ಶ್ವೇತಾಂಬರ ಕಥೆಯಲ್ಲಿ ಪ್ರಭವ. ಜಂಬೂಕುಮಾರನು ಎಚ್ಚರವಾಗಿಯೇ ಇದ್ದನು, ಆದರೆ ಸಂಪತ್ತಿನ ಕಾವಲಿಗಲ್ಲ. ನವವಧುಗಳಿಗೆ ವೈರಾಗ್ಯವನ್ನು ತಿಳಿಹೇಳುತ್ತಿದ್ದ ಅವನ ಮಾತು ಕಳ್ಳನ ಕಿವಿಗೂ ಬಿದ್ದಿತು. ಕದಿಯಬಂದವನು ಸಂಗಡಿಗರೊಡನೆ ದೀಕ್ಷೆ ಕೈಕೊಂಡನು.

ಕೊಪಣವೆಂಬ ಮಹಾತೀರ್ಥವಾಗಿದ್ದ ಕೊಪ್ಪಳದ ಬೆಟ್ಟದ ಮೇಲೆ, ವರಾಂಗಚರಿತೆಯ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ, ಅವುಗಳನ್ನು ಮಾಡಿಸಿದ ಚಾವಯ್ಯನ ಹೆಸರೂ ಅಲ್ಲಿಯೇ ಇದೆ. ಶೂನ್ಯಾಗಾರ, ವಿಮೋಚಿತಾವಾಸಗಳು ಅಂಥ ಮುನಿಗಳ ವಾಸ, ಅಲ್ಲಿ ಬೀಗದ ಮಾತೇ ಇಲ್ಲ. ಗೃಹಸ್ಥನ ಮಾರ್ಗ ಬೇರೆ. ಸಂಜೆ ಅಲಾರಾಂ ಹಾಕಿ, ಗುಪ್ತಸಂಖ್ಯೆ ಮನೆಯ ಹಿರಿಯರಿಗೂ ತಿಳಿದಿದೆಯೇ ಎಂದು ನೋಡಿಕೊಂಡು ಸಾಮಾಯಿಕಕ್ಕೆ ಕುಳಿತರೆ, ಆ 48 ನಿಮಿಷವಾದರೂ ಕಿವಿ ಬಾಗಿಲ ಕಡೆಗೆ ಹೋಗಬೇಕಿಲ್ಲ.