ಅಸ್ತಮಾನಕ್ಕೆ ತಡೆದ ಲೇಖಣಿ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಿನವರಿಗೆ ಕಬ್ಬಾಳದುರ್ಗವೆಂದೊಡನೆ ನೆನಪಾಗುವುದು ಬೆಟ್ಟದ ತಪ್ಪಲಿನ ಕಬ್ಬಾಳಮ್ಮ. ಹರಕೆ ಹೊತ್ತವರು ಬರುತ್ತಾರೆ, ಪೂಜೆ ಸಲ್ಲಿಸುತ್ತಾರೆ, ಊರಿಗೆ ಹಿಂದಿರುಗುತ್ತಾರೆ. ಮೇಲಿನ ಹೆಬ್ಬಂಡೆಯ ಕೋಟೆಯಲ್ಲಿ ಮೈಸೂರಿನ ದೊರೆಯೊಬ್ಬರು ಸೆರೆಯಾಳಾಗಿ ಕಾಲವಾದರೆಂಬುದನ್ನು ನೆನೆಯುವವರು ಕಡಮೆ. 1734ರಲ್ಲಿ ಏಳನೆಯ ಚಾಮರಾಜ ಒಡೆಯರನ್ನು ದಳವಾಯಿಗಳು ಸಿಂಹಾಸನದಿಂದಿಳಿಸಿ, ರಾಣಿಯೊಡನೆ ಆ ದುರ್ಗಕ್ಕೆ ಕಳುಹಿಸಿದರು. ದೊರೆ ಮರಳಿ ಕೆಳಗಿಳಿಯಲಿಲ್ಲ. ಚರಿತ್ರೆಯ ಪುಸ್ತಕಕ್ಕೆ ಇದು ಎರಡು ಸಾಲಿನ ಸಂಗತಿ. ಆ ಇಳಿಗಾಲದ ಸಂಜೆಗಳಲ್ಲಿ ರಾಜದಂಪತಿಗಳು ಒಬ್ಬರಿಗೊಬ್ಬರು ಏನು ಹೇಳಿಕೊಂಡರು, ಕಾವಲಿನವನು ಅವರನ್ನು ಏನೆಂದು ಕರೆದ ಎಂಬುದು ಶಾಸನಕ್ಕೂ ಬಾರದು, ಬಖೈರಿಗೂ ಬಾರದು. ಅದು ಕಾದಂಬರಿಕಾರನ ಪಾಲಿನ ಹೊಲ.

ತನ್ನ ಮಡಿಲಲ್ಲಿ ಬೆಳೆದ ಕಾದಂಬರಿಕಾರನನ್ನು ಪಡೆಯುವ ಭಾಗ್ಯ ಎಲ್ಲ ದುರ್ಗಗಳಿಗೂ ಇರುವುದಿಲ್ಲ. ಕನ್ನಡ ನಾಡಿನಲ್ಲಿ ಅದು ತುಂಬು ಪ್ರಮಾಣದಲ್ಲಿ ದೊರೆತದ್ದು ಚಿತ್ರದುರ್ಗಕ್ಕೆ. ದೊರಕಿಸಿಕೊಟ್ಟವರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಎಂದರೆ ಮನೆಮನೆಯ ವಾಚಕರು ಬಲ್ಲ ತ.ರಾ.ಸು.

1920ರ ಏಪ್ರಿಲ್ 21ರಂದು ಮಲೇಬೆನ್ನೂರಿನಲ್ಲಿ ಹುಟ್ಟಿದ ಅವರ ಮನೆತನ ಚಳ್ಳಕೆರೆಯ ಕಡೆಯ ತಳುಕಿನದು. ದೊಡ್ಡಪ್ಪನವರಾದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ಇಂಥ ವಿದ್ವತ್ತಿನ ನೆರಳಿನಲ್ಲಿ ಬೆಳೆದ ಹುಡುಗ ವಿದ್ವಾಂಸನಾಗಲಿಲ್ಲ. ಓದನ್ನು ನಡುವೆ ನಿಲ್ಲಿಸಿ ಸ್ವಾತಂತ್ರ್ಯದ ಹೋರಾಟಕ್ಕಿಳಿದರು, ಪತ್ರಿಕೆಗಳಲ್ಲಿ ದುಡಿದರು, ಅ.ನ. ಕೃಷ್ಣರಾಯರ ಜೊತೆಗೂಡಿ ಪ್ರಗತಿಶೀಲ ಚಳವಳಿಯಲ್ಲಿ ನಿಂತರು. ಕೊನೆಗೆ ಲೇಖಣಿಯನ್ನೇ ನಂಬಿ ಸಂಸಾರ ನಡೆಸಿದರು. ತಿಂಗಳ ಸಂಬಳದ ಮನೆಗಳಲ್ಲಿ ಕುಳಿತು ವಾರವಾರದ ಧಾರಾವಾಹಿಯನ್ನು ಓದುವ ನಮ್ಮ ಗೃಹಸ್ಥರಿಗೆ ಇದರ ಭಾರ ಸುಲಭವಾಗಿ ತಿಳಿಯದು. ಬರೆದರೆ ಅಂಗಡಿಯ ಸಾಲ ತೀರುತ್ತದೆ, ಬರೆಯದಿದ್ದರೆ ಇಲ್ಲ. ಅವರಿಂದ ಅರವತ್ತಕ್ಕೂ ಮೀರಿ ಕಾದಂಬರಿಗಳು ಬಂದುದರ ಹಿಂದೆ ಪ್ರತಿಭೆ ಇದ್ದಂತೆಯೇ ಈ ಒತ್ತಾಯವೂ ಇತ್ತು. ಅವುಗಳಲ್ಲಿ ಕೆಲವು ಅವಸರದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ದುರ್ಗದ ವಿಷಯ ಬಂದಾಗ ಈ ಲೇಖಣಿಯ ನಡಿಗೆಯೇ ಬೇರೆ. ಏಳು ಸುತ್ತಿನ ಕೋಟೆ, ಸಂಪಿಗೆ ಸಿದ್ಧೇಶ್ವರನ ಗುಡಿ, ಗೋಪಾಲಸ್ವಾಮಿ ಹೊಂಡ, ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿ ಇವೆಲ್ಲ ಅವರಿಗೆ ಪ್ರವಾಸಿಯ ನೋಟಗಳಲ್ಲ, ಬಾಲ್ಯದ ಬೀದಿಗಳು. ಗ್ರಂಥಗಳ ಆಸರೆಯೂ ಇತ್ತು. ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಆಗಲೇ ಅಚ್ಚಾಗಿತ್ತು. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಊರಿನ ಇತಿಹಾಸಕ್ಕೆ ಸಾಧನಗಳನ್ನು ಕೂಡಿಡುತ್ತಿದ್ದರು. ಆದರೂ ಅವರ ಪುಟಗಳಲ್ಲಿ ಉಸಿರಾಡುವುದು ಗ್ರಂಥವಲ್ಲ. ಜಗುಲಿಯ ಮೇಲೆ ಕುಳಿತ ಮುದುಕರ ಮಾತು. ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆಯಾದ ‘ಹಂಸಗೀತೆ’ ಆ ಬಗೆಯದು. ಅದು 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದೀ ಚಿತ್ರವಾಯಿತು, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಕನ್ನಡದ ತೆರೆಗೆ ತಂದರು.

ಪಾಳೆಯಗಾರರ ಕಥೆಯನ್ನು ಅವರು ಕೈಗೆತ್ತಿಕೊಂಡ ಬಗೆ ಗಮನಿಸತಕ್ಕದ್ದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರರಲ್ಲಿ ದಳವಾಯಿಯ ಅಟ್ಟಹಾಸದಿಂದ ಅರಮನೆ ರಕ್ತದ ಮಡುವಾಗುತ್ತದೆ. ಕಬ್ಬಾಳದುರ್ಗದ ಸೆರೆಯನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ದೊರೆಗಿಂತ ದಳವಾಯಿ ದೊಡ್ಡವನಾಗುವ ರೋಗ ಅನೇಕ ಸಂಸ್ಥಾನಗಳಿಗೆ ತಗುಲಿತ್ತು. ಆ ಕತ್ತಲೆಯ ಆಚೆಗೆ ಬಿಚ್ಚುಗತ್ತಿ ಭರಮಣ್ಣನಾಯಕನ ಏಳ್ಗೆ, ‘ಹೊಸಹಗಲು’, ‘ವಿಜಯೋತ್ಸವ’. ಹೆಸರುಗಳಲ್ಲಿಯೇ ಬೆಳಕು ಕಾಣುತ್ತದೆ. ಇವೆಲ್ಲ ಒಂದಾದಮೇಲೊಂದು ಬಂದವು, ವಾಚಕರು ಕಾದು ಕಾದು ಓದಿದರು. ಮುಂದಿನದೇನೆಂದು ದುರ್ಗದ ಮಕ್ಕಳಿಗೂ ಗೊತ್ತಿತ್ತು. ಕೊನೆಯ ಮದಕರಿನಾಯಕ, ಹೈದರಾಲಿ, 1779.

ಆ ಕಥೆ ಮಾತ್ರ ಬರಲಿಲ್ಲ. ವರ್ಷಗಳು ಕಳೆದು ದಶಕಗಳಾದವು. ಸಾಮಾಜಿಕ ಕಾದಂಬರಿಗಳು ಬಂದವು; 1972ರಲ್ಲಿ ‘ನಾಗರಹಾವು’ ಚಿತ್ರ ತೆರೆಗೆ ಬಂದು, ಒನಕೆ ಓಬವ್ವನ ಸಾಹಸ ನಾಡಿನ ಮೂಲೆಮೂಲೆಯನ್ನು ಮುಟ್ಟಿತು. ಓಬವ್ವ ಕಿಂಡಿಯನ್ನು ಕಾದಳು. ಆದರೆ ಕೋಟೆ ಉಳಿಯಲಿಲ್ಲ. ಆ ಎರಡನೆಯ ಮಾತನ್ನು ಹೇಳುವುದು ಕಷ್ಟ. ಹಾಡು ಮೊದಲನೆಯದಕ್ಕೆ ನಿಲ್ಲಬಹುದು, ಕಾದಂಬರಿ ನಿಲ್ಲುವಂತಿಲ್ಲ.

ಇಂಥ ತಡೆಗೆ ಹೊರನಾಡಿನಲ್ಲಿಯೂ ಒಂದು ಸಾಟಿಯುಂಟು. ಐತಿಹಾಸಿಕ ಕಾದಂಬರಿಗೆ ಯೂರೋಪಿನಲ್ಲಿ ಹಾದಿ ಹಾಕಿದ ಸರ್ ವಾಲ್ಟರ್ ಸ್ಕಾಟ್, ತನ್ನ ಸ್ಕಾಟ್ಲೆಂಡಿನ 1745ರ ದಂಗೆಯ ಕಥೆಯನ್ನು ಕೆಲವು ಅಧ್ಯಾಯ ಬರೆದು ಮೇಜಿನ ಸೆಳೆಖಾನೆಗೆ ಎಸೆದ. ವರ್ಷಗಳ ಮೇಲೆ ಮೀನು ಹಿಡಿಯುವ ಸಾಮಾನು ಹುಡುಕುವಾಗ ಆ ಹಾಳೆಗಳು ಕೈಗೆ ಸಿಕ್ಕವಂತೆ. 1814ರಲ್ಲಿ ‘ವೇವರ್ಲಿ’ ಹೊರಬಂತು. ಅದೂ ಸೋತವರ ಕಥೆಯೇ. ಸೋತವರ ಮೊಮ್ಮಕ್ಕಳು ಎದುರಿಗೆ ಓಡಾಡುತ್ತಿರುವಾಗ ಆ ಸೋಲಿನ ಕಾರಣವನ್ನು ಬರೆಯುವವನಿಗೆ ಕೈ ತಡೆಯುವುದು ಸಹಜ.

ಏಕೆಂದರೆ ಕಾರಣಗಳೆಲ್ಲ ಶತ್ರುವಿನ ಪಾಳೆಯದಲ್ಲಿರಲಿಲ್ಲ. ಮದಕರಿನಾಯಕ ಪಟ್ಟಕ್ಕೆ ಬಂದಾಗ, 1754ರಲ್ಲಿ, ಇನ್ನೂ ಬಾಲಕ. ದುರ್ಗದ ಸೈನ್ಯ ಒಮ್ಮೆ ಹೈದರನ ಪಕ್ಕದಲ್ಲಿ, ಇನ್ನೊಮ್ಮೆ ಮರಾಠರ ಪಕ್ಕದಲ್ಲಿ ಕಾದಿತು. ಮಾಗಡಿಗೆ ನೆರೆಯ ನೆಲಮಂಗಲ ಸೀಮೆಯ ನಿಜಗಲ್ಲು ಕೋಟೆ ತಿಂಗಳುಗಟ್ಟಲೆ ಮಾಧವರಾವ್ ಪೇಶ್ವೆಗೆ ಮಣಿಯದಿದ್ದಾಗ, 1770ರಲ್ಲಿ ಅದನ್ನು ಹತ್ತಿ ಹಿಡಿದುಕೊಟ್ಟವರು ಚಿತ್ರದುರ್ಗದ ಬೇಡಪಡೆಯವರೇ. ಆ ದಿನದ ಗೆಲುವಿನಲ್ಲಿಯೇ ಹೈದರನ ಮನಸ್ಸಿನ ಕಹಿ ಬಲಿತಿರಬೇಕು. ಮುಂದೆ ಮುತ್ತಿಗೆಗಳು ಬಂದವು. ಕೊನೆಗೆ ಒಳಗಿನವರ ವಿಶ್ವಾಸದ್ರೋಹವೂ ಸೇರಿ ಏಳು ಸುತ್ತೂ ಬಿದ್ದವು. ನಾಯಕ ಶ್ರೀರಂಗಪಟ್ಟಣದ ಸೆರೆಯಲ್ಲಿ ಮುಗಿದ. ಸಹಸ್ರಾರು ದುರ್ಗದ ಜನರನ್ನು ಹೈದರ್ ಅದೇ ದ್ವೀಪಕ್ಕೆ ಸಾಗಿಸಿದ. ಅವರ ಎಳೆಯ ಹುಡುಗರಿಂದ ಒಂದು ಪಡೆಯನ್ನೇ ಕಟ್ಟಿದ.

ಇದನ್ನು ಬರೆಯುವವನ ಮುಂದೆ ಎರಡು ಸುಲಭದ ದಾರಿಗಳಿದ್ದವು. ಹೈದರನನ್ನು ರಾಕ್ಷಸನಾಗಿ ಮಾಡುವುದು ಒಂದು, ಮದಕರಿಯನ್ನು ದೇವರಾಗಿ ಮಾಡುವುದು ಇನ್ನೊಂದು. ಊರಿನ ಅಭಿಮಾನ ಎರಡನ್ನೂ ಕೇಳುತ್ತದೆ. ಯೌವನದ ತ.ರಾ.ಸು. ಆ ಕಥೆಯನ್ನು ಬರೆದಿದ್ದರೆ ಅಭಿಮಾನದ ಮಾತನ್ನು ಮೀರುತ್ತಿದ್ದರೆಂದು ಹೇಳಲಾಗದು. ಅವರ ಮೊದಲ ದುರ್ಗದ ಕಾದಂಬರಿಗಳಲ್ಲಿ ಆವೇಶ ಹೆಚ್ಚು, ಕೇಡಿಗನ ನೆರಳು ಬಹಳ ಕಪ್ಪು. ಅರವತ್ತು ದಾಟಿದ ಮೇಲೆ ಬರೆದಾಗ ಅವರು ಎರಡು ದಾರಿಯನ್ನೂ ಬಿಟ್ಟರು. 1982ರಲ್ಲಿ ಹೊರಬಂದ ‘ದುರ್ಗಾಸ್ತಮಾನ’ದ ಹೈದರ್ ರಾಜಕಾರಣ ಬಲ್ಲ ಹಗೆ; ಮದಕರಿ ಶೂರ, ಉದಾರಿ, ಆದರೆ ತಪ್ಪಬಲ್ಲ ಮನುಷ್ಯ. ಸೆಣಸಾಟಕ್ಕಿಂತ ಹೆಚ್ಚು ಪುಟಗಳು ಮಂತ್ರಾಲೋಚನೆಗೆ, ಅಂತಃಪುರದ ತಳಮಳಕ್ಕೆ, ಸಂದೇಹ ಸಣ್ಣದಾಗಿ ಹುಟ್ಟಿ ದೊಡ್ಡದಾಗುವ ಬಗೆಗೆ ಸಲ್ಲುತ್ತವೆ. ಗ್ರಂಥ ದೊಡ್ಡದು, ಕೆಲವೆಡೆ ಮಾತು ದೀರ್ಘವೂ ಹೌದು. ಆದರೆ ಕೊನೆಯ ಭಾಗವನ್ನು ಓದುವವರಿಗೆ, ಈ ಲೇಖಕ ಯಾವುದನ್ನು ಇಷ್ಟು ಕಾಲ ಮುಂದೂಡಿದರೆಂಬುದು ಬಿಡಿಸಿ ಹೇಳದೆಯೇ ತಿಳಿಯುತ್ತದೆ. ಅಲ್ಲಿ ಬೀಳುತ್ತಿರುವುದು ಒಬ್ಬ ನಾಯಕನಲ್ಲ, ಒಂದು ಊರು. ಅದೂ ತಾವು ಆಡಿ ಬೆಳೆದ ಊರು.

ಹೊಟ್ಟೆಪಾಡಿಗಾಗಿ ಬರೆಯುವವನು ಆತ್ಮದ ಕೃತಿಯನ್ನು ಬರೆಯಲಾರನೆಂದು ಹೇಳುವವರುಂಟು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಅದರಿಂದ ‘ಮಾಧವ ಕರುಣಾವಿಲಾಸ’ದ ತೂಕ ಕುಂದಲಿಲ್ಲ. ತ.ರಾ.ಸು. ಅವರ ಮಟ್ಟಿಗೂ ಅವಸರದ ಆ ಅಭ್ಯಾಸವೇ ಕೈಯನ್ನು ಹದಗೊಳಿಸಿತೆನ್ನಬೇಕು. ಸಂಭಾಷಣೆಯಿಂದಲೇ ಮನುಷ್ಯನನ್ನು ನಿಲ್ಲಿಸುವ, ಅಧ್ಯಾಯದ ಕೊನೆಯಲ್ಲಿ ವಾಚಕನನ್ನು ಹಿಡಿದಿಡುವ ಕಲೆ ಧಾರಾವಾಹಿ ಬರೆದವರಿಗೇ ಬರುವುದು.

‘ದುರ್ಗಾಸ್ತಮಾನ’ ಅಚ್ಚಿನ ಮನೆಯಿಂದ ಬಂದ ಎರಡು ವರ್ಷಗಳೊಳಗೆ, 1984ರ ಏಪ್ರಿಲ್ 10ರಂದು, ಅರವತ್ತನಾಲ್ಕು ತುಂಬಲು ಹನ್ನೊಂದು ದಿನಗಳಿರುವಾಗ ಅವರು ತೀರಿಕೊಂಡರು. ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ.